ಹನ್ನೆರಡು ಮಿಲಿಮೀಟರಿನಲ್ಲಿ ಅಕ್ಕ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯ ವೈದ್ಯರೇ, ಊಟದ ವಿರಾಮ ಬಿಟ್ಟು ಬಂದಿರುವ ದಾದಿಯರೇ, ಸಭಿಕರೇ,

ನಿಮ್ಮಲ್ಲಿ ಹೆಚ್ಚಿನವರಿಗೆ ನಾನು ಗೊತ್ತಿರುವುದು ಏಣಿಯ ಮೇಲಿನ ಎರಡು ಕಾಲುಗಳಾಗಿ. ಮುಖವನ್ನು ಇಂದೇ ನೋಡುತ್ತಿದ್ದೀರಿ. ನಿರಾಸೆಯಾಗಿದ್ದರೆ ಕ್ಷಮಿಸಿ. ಇಪ್ಪತ್ತಾರು ವರ್ಷ ಈ ಆಸ್ಪತ್ರೆಯ ಕ್ಯಾಮೆರಾಗಳನ್ನು ನೋಡಿಕೊಂಡವನಿಗೆ ಇಂದು ನಿವೃತ್ತಿ. ಹೊಸಬರಿಗೆ ಉಪಯೋಗವಾಗುವಂತೆ ಲೆನ್ಸಿನ ಬಗ್ಗೆ ನಾಲ್ಕು ಮಾತಾಡಿ ಎಂದು ಅಧ್ಯಕ್ಷರು ಅಪ್ಪಣೆ ಕೊಟ್ಟಿದ್ದಾರೆ.

ಪ್ರತಿ ಲೆನ್ಸಿನ ಮೇಲೂ ಒಂದು ಸಂಖ್ಯೆ ಇರುತ್ತದೆ. ಎರಡು ಪಾಯಿಂಟ್ ಎಂಟು ಮಿಲಿಮೀಟರ್ ಎಂದಿದ್ದರೆ ಇಡೀ ಹಜಾರ ಕಾಣುತ್ತದೆ, ಆದರೆ ದೂರದ ಮನುಷ್ಯ ಸಾಸಿವೆ ಕಾಳು. ಹನ್ನೆರಡು ಎಂದಿದ್ದರೆ ದೂರದವನ ಮೀಸೆಯ ನರೆಯೂ ಕಾಣುತ್ತದೆ, ಆದರೆ ಅವನ ಪಕ್ಕದಲ್ಲಿ ಯಾರಿದ್ದಾರೆಂದು ಗೊತ್ತಾಗುವುದಿಲ್ಲ. ಎರಡೂ ಬೇಕೆಂದರೆ ಎರಡು ಕ್ಯಾಮೆರಾ ಬೇಕು. ಆಡಳಿತ ಕಚೇರಿ ಒಂದನ್ನೇ ಕೊಡುತ್ತದೆ. ಇಷ್ಟೇ ನನ್ನ ಶಾಸ್ತ್ರ.

ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಹೊರರೋಗಿಗಳ ಹಜಾರದ ಕ್ಯಾಮೆರಾ ಬಗ್ಗೆ ಒಂದು ಮಾತು ಹೇಳದೆ ಹೋದರೆ ತಪ್ಪಾದೀತು.

ಮೂರು ವರ್ಷದ ಹಿಂದೆ, ಒಂದು ಮಂಗಳವಾರ ಬೆಳಗ್ಗೆ, ನನ್ನ ಕೋಣೆಯ ಪರದೆಯಲ್ಲಿ ನೋಡುತ್ತಿದ್ದಂತೆ ಒಬ್ಬರು ಹೆಂಗಸು ಹಜಾರದೊಳಗೆ ಬಂದರು. ಸಾಸಿವೆ ಕಾಳಿನಷ್ಟೇ. ಆದರೂ ಎಡಗಾಲು ಊರುವ ಮೊದಲು ಒಂದು ಕ್ಷಣ ತಡೆಯುವ ಆ ನಡಿಗೆ ನನಗೆ ಗೊತ್ತಿತ್ತು. ಅಕ್ಕ! ನನಗಿಂತ ಹನ್ನೊಂದು ವರ್ಷ ದೊಡ್ಡವಳು. ತಲೆ ಬಾಚಿ, ಕಿವಿ ಹಿಂಡಿ ನನ್ನನ್ನು ಶಾಲೆಗೆ ಎಳೆದುಕೊಂಡು ಹೋಗುತ್ತಿದ್ದವಳು. ಒಂಬತ್ತು ವರ್ಷದಿಂದ ನಮ್ಮ ನಡುವೆ ಮಾತಿರಲಿಲ್ಲ. ಏಕೆ? ಅಮ್ಮ ತೀರಿಕೊಂಡ ದಿನ ನಾನು ತಡವಾಗಿ ಹೋದೆ. ನೆಂಟರೆದುರಿಗೇ ಅಕ್ಕ, "ನೀನು ಬರೀ ನೋಡೋಕೆ ಬರ್ತೀಯ ಕಣೋ, ಮಾಡೋಕೆ ಯಾವತ್ತು ಬಂದಿದ್ದೀಯ?" ಎಂದಳು. ಮಾತು ನಿಜವಾಗಿತ್ತು, ಅದಕ್ಕೇ ಚುಚ್ಚಿತು. ಅಂದು ಅವಳ ಹೊಸ್ತಿಲು ದಾಟಿ ಬಂದವನು ಮತ್ತೆ ಅದನ್ನು ತುಳಿಯಲಿಲ್ಲ.

ಪ್ರತಿ ಮಂಗಳವಾರ ಮಂಡಿಯ ಚಿಕಿತ್ಸೆಗೆ ಬಂದು, ಕಂಬದ ಪಕ್ಕದ ಅದೇ ಕುರ್ಚಿಯಲ್ಲಿ ಕೂರುತ್ತಿದ್ದಳು. ನನ್ನ ಕೋಣೆಯಿಂದ ಅಲ್ಲಿಗೆ ಮೂವತ್ತೆರಡು ಮೆಟ್ಟಿಲು. ಇಳಿದೆನೇ? ಇಳಿಯಲಿಲ್ಲ. ಒಂದು ಬುಧವಾರ ಹಜಾರ ಖಾಲಿಯಿದ್ದಾಗ ಏಣಿ ಹತ್ತಿ, ಹಳೆಯ ಲೆನ್ಸ್ ಬಿಚ್ಚಿ ಹನ್ನೆರಡು ಮಿಲಿಮೀಟರಿನದನ್ನು ಹಾಕಿ ಆ ಕುರ್ಚಿಗೆ ತಿರುಗಿಸಿದೆ. ಕೆಲಸದ ದಾಖಲೆ ಪುಸ್ತಕದಲ್ಲಿ ಕಾರಣ, "ಮುಖಗಳು ಸ್ಪಷ್ಟವಿಲ್ಲ" ಎಂದು ಬರೆದೆ. ಮುಖಗಳು ಎಂಬ ಬಹುವಚನ ಸುಳ್ಳು, ಸಭಿಕರೇ.

ಹನ್ನೊಂದು ಮಂಗಳವಾರ ಅವಳನ್ನು ನೋಡಿದೆ. ಅವಳು ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಂಡಾಗ ನಾನೂ ಮೇಲೆ ನನ್ನ ಕೋಣೆಯಲ್ಲಿ ಬಗ್ಗಿಸಿಕೊಳ್ಳುತ್ತಿದ್ದೆ. ನಗಬೇಡಿ. ಎಷ್ಟೋ ವರ್ಷದ ಮೇಲೆ ಒಬ್ಬರ ಜೊತೆ ಕೂತು ಚಹಾ ಕುಡಿದಂತಿತ್ತು. ಅವಳು ಕನ್ನಡಕ ಒರೆಸಿ ಹಾಕಿಕೊಂಡು ಸುತ್ತಲಿನ ಬಾಗಿಲುಗಳನ್ನು ಮತ್ತೆ ಮತ್ತೆ ನೋಡುತ್ತಿದ್ದಳು. ವೈದ್ಯರ ಕರೆಗೆ ಕಾಯುತ್ತಿದ್ದಾಳೆ ಎಂದುಕೊಂಡೆ.

ಹನ್ನೆರಡನೆಯ ಮಂಗಳವಾರ ಅವಳು ಎದ್ದು, ಪರದೆಯ ಎಡಕ್ಕೆ ಸರಿದು ಮರೆಯಾದಳು. ಒಳಗೆ ಕರೆದಿರಬೇಕು ಎಂದು ಖಾಲಿ ಕುರ್ಚಿಯನ್ನೇ ನೋಡುತ್ತ ಚಹಾ ಮುಗಿಸಿದೆ. ಮರುದಿನ ಕಚೇರಿಯಿಂದ ಫೋನ್ ಬಂತು: "ನಿನ್ನೆ ಹಜಾರದ ಮೆಟ್ಟಿಲಲ್ಲಿ ವಯಸ್ಸಾದವರೊಬ್ಬರು ಬಿದ್ರಲ್ಲ, ಆ ದೃಶ್ಯ ಕೊಡಿ ಸಾರ್."

ದೃಶ್ಯ ಇರಲಿಲ್ಲ. ಕುರ್ಚಿಯಿತ್ತು. ಕುರ್ಚಿಯ ಎಡಕ್ಕೆ ಹಜಾರದಲ್ಲಿರುವ ಆ ಮೂರು ಮೆಟ್ಟಿಲುಗಳನ್ನು ನಾನೇ ಚೌಕಟ್ಟಿನಿಂದ ಕತ್ತರಿಸಿ ಹೊರಗಿಟ್ಟಿದ್ದೆ.

ವಾರ್ಡಿಗೆ ಓಡಿದೆ. ಅಕ್ಕ ಸೊಂಟದ ಮೂಳೆ ಮುರಿದು ಮಲಗಿದ್ದಳು. ನೋಡಿದವಳೇ, "ಬಂದ್ಯಾ? ಎಷ್ಟು ಸಣ್ಣಗಾಗಿದ್ದೀಯ," ಎಂದಳು.

"ನಿಮ್ಮನೆ ಹತ್ರಾನೇ ಆಸ್ಪತ್ರೆ ಇದೆಯಲ್ಲಕ್ಕ, ಇಷ್ಟು ದೂರ ಯಾಕೆ ಬಂದೆ?"

"ಅಲ್ಲಿ ನೀನಿಲ್ವಲ್ಲೋ. ಯಾವ ಬಾಗಿಲಿಂದ ಬರ್ತೀಯೋ ಅಂತ ವಾರವಾರ ನೋಡ್ತಾ ಕೂತಿರ್ತಿದ್ದೆ. ನಾನು ಬರೋದು ನಿನಗೆ ಗೊತ್ತೇ ಇರ್ಲಿಲ್ಲ, ಅಲ್ವಾ?"

"ಗೊತ್ತಿರ್ಲಿಲ್ಲಕ್ಕ," ಎಂದೆ.

ಹತ್ತೊಂಬತ್ತು ದಿನ ಪಕ್ಕದಲ್ಲಿದ್ದೆ. ಗಂಜಿ ಕುಡಿಸಿದೆ, ಕಾಲು ಒತ್ತಿದೆ. ನಿಜ ಹೇಳಲು ಹತ್ತೊಂಬತ್ತು ದಿನವೂ ಬಾಯಿ ಬರಲಿಲ್ಲ. ಇಪ್ಪತ್ತನೆಯ ದಿನ ಶ್ವಾಸಕೋಶಕ್ಕೆ ಸೋಂಕು ತಗುಲಿ ಹೋಗಿಬಿಟ್ಟಳು. ಸುಳ್ಳು ನನ್ನ ಬಳಿಯೇ ಉಳಿಯಿತು. ಕ್ಯಾಮೆರಾ ಬೀಳುವವರನ್ನು ಹಿಡಿಯುವುದಿಲ್ಲ, ನಿನ್ನದೇನು ತಪ್ಪು ಎಂದು ನೀವು ಕೇಳಬಹುದು. ಒಪ್ಪಿದೆ. ಆದರೆ ಮೂವತ್ತೆರಡು ಮೆಟ್ಟಿಲು ಇಳಿದು ಬಂದಿದ್ದರೆ, ತಮ್ಮನಾದವನು ಕೈ ಹಿಡಿಯುತ್ತಿದ್ದ.

ಹಜಾರಕ್ಕೆ ಅಗಲದ ಲೆನ್ಸನ್ನೇ ಮತ್ತೆ ಹಾಕಿದ್ದೇನೆ. ದಯವಿಟ್ಟು ಬದಲಿಸಬೇಡಿ.

ಮಾತು ಎಲ್ಲಿಗೋ ಹೋಯಿತು. ನನ್ನ ಮನೆಯವರಿಗೆಂದು ಮುಂದಿನ ಸಾಲಿನಲ್ಲಿ ಎರಡು ಕುರ್ಚಿ ಕಾದಿರಿಸಿದ್ದೀರಿ, ನಿಮ್ಮ ಪ್ರೀತಿ ದೊಡ್ಡದು. ಬರುವವರು ಯಾರೂ ಇಲ್ಲ. ಹಿಂದೆ ಗೋಡೆಗೊರಗಿ ನಿಂತಿದ್ದೀರಲ್ಲ ತಾಯಂದಿರೇ, ಬೆಳಗಿನಿಂದ ವಾರ್ಡುಗಳಲ್ಲಿ ನಿಂತೇ ಇದ್ದೀರಿ, ನಿಮ್ಮಲ್ಲಿ ಇಬ್ಬರು ಬಂದು ಕೂತುಕೊಳ್ಳಿ. ನೀವು ಕೂರುವವರೆಗೆ ಕಾಯುತ್ತೇನೆ.

ಆಯಿತು. ಎಲ್ಲರಿಗೂ ಧನ್ಯವಾದ, ನಮಸ್ಕಾರ.