ಕೆಂಪಿಯ ಮುರಿದ ಕೊಂಬು

ಕಾಗದದಲ್ಲಿ ಸುಳ್ಳು ಬರೆಯಬಾರದು. ಈ ಮಿಷನ್ ಶಾಲೆಯ ಮೊದಲನೇ ನಿಯಮವೇ ಅದು, ದೊಡ್ಡಮ್ಮ... ಯಾಕೆ ನಗ್ತೀರಿ? ಗೋಡೆ ಮೇಲೆ ಬರೆದಿದೆ ನೋಡಿ, ನಾವು ಓದೋ ಕಾಲದಿಂದಲೂ ಇದೆ. ಬಿಳಿ ಮಿಸ್ಸಮ್ಮ ಬರೆಸಿದ್ದು. ಶನಿವಾರ ಶನಿವಾರ ಅದರ ಕೆಳಗೇ ನಿಂತು ಅವರೇ ಬೋರ್ಡಿನ ಮೇಲೆ ಕಾಗದ ಬರೀತಿದ್ರು: "ಇಲ್ಲಿ ನಾನು ಕ್ಷೇಮ. ಊಟ ಚೆನ್ನಾಗಿದೆ. ಪಾಠ ಚೆನ್ನಾಗಿ ನಡೆಯುತ್ತಿದೆ." ನಲವತ್ತು ಹುಡುಗಿಯರೂ ಅದನ್ನೇ ನೋಡಿ ಬರ್ಕೊಳ್ಳೋದು. ಕೆಳಗೆ ಹೆಸರು ಮಾತ್ರ ಬೇರೆ ಬೇರೆ!

ಆ ನಿಯಮವನ್ನ ಎಲ್ಲರೂ ಮುರಿದವರೇ ಬಿಡಿ. ನೀವೇನು ಕಮ್ಮಿಯಾ? ಅಜ್ಜ ತೀರಿಕೊಂಡ ವಾರ ದೊಡ್ಡಪ್ಪನ ಕೈಲಿ ಏನು ಬರೆಸಿದ್ರಿ? "ಮನೆಯಲ್ಲಿ ಎಲ್ಲರೂ ಕ್ಷೇಮ." ದೊಡ್ಡಪ್ಪನೂ ಅಷ್ಟೇ. ನಮ್ಮ ಕಾಗದ ನಿಮಗೆ ಓದಿ ಹೇಳುವಾಗ ಇಲ್ಲದ್ದನ್ನೂ ಸೇರಿಸ್ತಿದ್ರು, "ಅವ್ವನ ಮಂಡಿನೋವು ಹೇಗಿದೆ ಅಂತ ಕೇಳಿದ್ದಾಳೆ" ಅಂತ. ಅದು ಗೊತ್ತಾದ ಮೇಲೇ ಅಲ್ವಾ ನಿಮ್ಮ ಮಗಳು ತಂಗಮ್ಮ ಕಾಗದದ ಕೊನೇಲಿ ಕೆಂಪಿ ಹಸುವಿನ ಚಿತ್ರ ಬರೆಯೋಕೆ ಶುರು ಮಾಡಿದ್ದು? ಅಕ್ಷರ ಬಾರದ ಅವ್ವ ಅದನ್ನ ನೋಡಿಯಾದ್ರೂ, ಇದು ನನ್ನ ಮಗಳ ಕೈ ಅಂತ ಗುರುತು ಹಿಡೀಲಿ ಅಂತ...

ಕೂತ್ಕೊಳ್ಳಿ. ಸಂಸೆಯಿಂದ ಎರಡು ದಿನ ಗಾಡಿಯಲ್ಲಿ ಬಂದಿದ್ದೀರಿ. ಕಾಫಿ ತರಿಸ್ಲಾ? ಬೇಡ್ವಾ? ನೀರಾದ್ರೂ... ಸರಿ.

ಆ ಗಂಟು ಯಾಕೆ ಬಿಚ್ತಿದ್ದೀರಿ? ಓ... ನಮ್ಮ ಕಾಗದಗಳು! ಹನ್ನೊಂದು ವರ್ಷ ಇಟ್ಕೊಂಡಿದ್ದೀರಾ? ಬೂಷ್ಟು ಹಿಡಿದಿತ್ತು ಅಂತ ಅಂಗಳದಲ್ಲಿ ಸಾಲಾಗಿ ಬಿಸಿಲಿಗೆ ಹರವಿದ್ರಾ? ಒಳ್ಳೇದು ಮಾಡಿದ್ರಿ. ಸಾಲಾಗಿ ಹರವಿದಾಗ... ಏನು? ಕೊಂಬಾ?

ಹೌದು, ಕೆಂಪಿಗೆ ಎಡಗೊಂಬು ಅರ್ಧ ಮುರಿದಿತ್ತು. ಬೇಲಿಗೆ ನುಗ್ಗೋಕೆ ಹೋಗಿ ಮುರ್ಕೊಂಡಿದ್ದು. ನೀವು ಅರಿಶಿನ ಮೆತ್ತುತ್ತಾ ಅತ್ತಿದ್ರಿ. ತಂಗಮ್ಮ ಪ್ರತಿ ಸಲವೂ ಹಾಗೇ, ಮೋಟುಗೊಂಬೇ ಬರೀತಿದ್ದಳು. ಈ ಕೊನೇ ಕಾಗದದಲ್ಲಿ ಎರಡೂ ಕೊಂಬು ಪೂರಾ ಇವೆ... ಅಯ್ಯೋ, ಇದಕ್ಕೆ ಇಷ್ಟು ದೂರ ಬಂದ್ರಾ ದೊಡ್ಡಮ್ಮ! ಅವಸರದಲ್ಲಿ ಬರೆದಿರ್ತಾಳೆ.

ಅವಳದ್ದೇ ಕೈ. ಇದೇ ಬೆಂಚಿನಲ್ಲಿ, ನನ್ನ ಪಕ್ಕದಲ್ಲೇ ಕೂತು ಬರೆದಳು. ಕೈ ನಡುಗ್ತಿತ್ತು, ಪಾಪ. ಕಂಬಳಿ ಹೊದ್ಕೊಂಡಿದ್ದಳು, ಮುಟ್ಟಿದ್ರೆ ಮೈ ಕೆಂಡದ ಹಾಗೆ...

ಇಲ್ಲ. ಜ್ವರ ಅನ್ನಲಿಲ್ಲ ನಾನು. ಜ್ವರ ಶುರುವಾದದ್ದು ಕಾಗದ ಹೋದ ಮೇಲೆ. ಆವತ್ತೂ ಹಾಗೇ ಹೇಳಿದ್ದೆನಲ್ಲ? ಆ ಜ್ವರದಲ್ಲೇ ಹೋದಳು, ನೀವು ಬರೋ ಹೊತ್ತಿಗೆ ಅವಳನ್ನ ಮಣ್ಣು ಮಾಡಿ ಆಗಿತ್ತು... ಹಾಗೇ ಆದದ್ದು. ಯಾಕೆ ಹಾಗೆ ನೋಡ್ತೀರಿ? ಬೈದುಬಿಡಿ ಬೇಕಾದ್ರೆ.

ಬೋರ್ಡ್ ಯಾಕೆ ನೋಡ್ತೀರಿ? ಹೌದು, ಅದೇ ಒಕ್ಕಣೆ. ಈಗ ಅಕ್ಷರ ನನ್ನದು, ಟೀಚರ್ ಜವರಮ್ಮನದು. ಮಕ್ಕಳು ಊಟಕ್ಕೆ ಹೋಗಿದ್ದಾರೆ, ಬಂದು ಬರೀತಾರೆ. ಆ ಮೂಲೆಯಲ್ಲಿ ಕೂರೋ ಹುಡುಗಿಗೆ ನಿನ್ನೆಯಿಂದ ಚಳಿಜ್ವರ. ಅವಳೂ ಅದನ್ನೇ ಬರೀತಾಳೆ... ಹಾಗೆ ನೋಡಬೇಡಿ ನನ್ನ.

ದೊಡ್ಡಮ್ಮ... ನಮ್ಮಿಬ್ಬರನ್ನ ಇಲ್ಲಿ ಬಿಟ್ಟು ಹೋಗುವಾಗ ಏನಂದಿದ್ರಿ, ನೆನಪಿದೆಯಾ? "ಒಬ್ಬಳಿಗೆ ಮೈ ಬೆಚ್ಚಗಾದ್ರೂ ಇಬ್ಬರನ್ನೂ ಕರ್ಕೊಂಡು ಹೋಗಿಬಿಡ್ತೀನಿ." ನಿಮಗೆ ಅದು ಪ್ರೀತಿ. ನನಗೆ? ತಾಯಿ ಇಲ್ಲದ ನನ್ನನ್ನ ಸಾಕಿದ್ರಿ, ಇಲ್ಲ ಅನ್ನಲ್ಲ. ತಂಗಮ್ಮನ ತಟ್ಟೆಗೆ ಬಿದ್ದ ತುಪ್ಪ ನನ್ನ ತಟ್ಟೆಗೂ ಬಿತ್ತು. ಆದ್ರೆ ದೊಡ್ಡಪ್ಪ ನನ್ನನ್ನ ಮದುವೆ ಮಾಡಿ ಕೊಡ್ತೀನಿ ಅಂತ ಬಾಳೂರಿನ ನಿಂಗಯ್ಯನಿಗೆ ಮಾತು ಕೊಟ್ಟಾಗಿತ್ತು. ಇಬ್ಬರು ಹೆಂಡಿರನ್ನ ಮಣ್ಣು ಮಾಡಿದ ನಿಂಗಯ್ಯನಿಗೆ! "ಶಾಲೆ ಬಿಟ್ಟು ಬಂದ ದಿನವೇ ಧಾರೆ" ಅಂದಿದ್ರು. ನನಗೆ ಹದಿಮೂರು, ದೊಡ್ಡಮ್ಮ. ಅವಳಿಗೆ ಜ್ವರ ಅಂತ ನಿಮಗೆ ತಿಳಿದ್ರೆ, ನಾನು ಅವನ ಮನೆಗೆ...

ಮಿಸ್ಸಮ್ಮನಿಗೂ ಹೇಳಲಿಲ್ಲ ನಾನು. ಮೂರು ದಿನ. ಮೂರು ದಿನದಿಂದ ಸುಡ್ತಿತ್ತು ಮೈ.

"ಅವ್ವಂಗೆ ಸುಳ್ಳು ಬರೆಯಲ್ಲ ಕಣೇ ಜವರಿ, ಅವ್ವ ಬರಲಿ" ಅಂದಳು. ಬರೀ, ಸುಮ್ಮನೆ ಬೋರ್ಡ್ ನೋಡಿ ಬರೀ ಅಂತ ನಾನೇ ಲೇಖನಿ ಅವಳ ಬೆರಳಿಗೆ ತುರುಕಿದೆ. ಆಮೇಲೆ ಬೇರೆ ಹಾಳೆ ಇಸ್ಕೊಂಡು ಅವಳ ಹೆಸರಲ್ಲಿ ನಾನೇ... ನೀವು ನಂಬಲಿ ಅಂತ ಹಸುವನ್ನೂ ಬರೆದೆ. ಕೊಂಬು ನೆನಪಾಗಲಿಲ್ಲ. ಅದೊಂದು ನೆನಪಾಗಲಿಲ್ಲ.

ಅವಳು ಬರೀಲಿಲ್ಲ ದೊಡ್ಡಮ್ಮ. ಒಂದಕ್ಷರವೂ ಬರೀಲಿಲ್ಲ. ಬೋರ್ಡ್ ನೋಡಿದಳು. ನನ್ನ ಮುಖ ನೋಡಿದಳು. ಆಮೇಲೆ ಆ ನಡುಗೋ ಕೈಯಲ್ಲಿ ಮಸಿಕುಡಿಕೆ ಎತ್ತಿ, ತನ್ನ ಬಿಳಿ ಹಾಳೆಯ ಮೇಲೆ ಬೋರಲು ಹಾಕಿದಳು.