ಗೋಡೆಯ ಬೆವರು ಆರುವ ತನಕ

ಮಂಡ್ಯ, ಮದ್ದೂರು, ಮಳವಳ್ಳಿ — ಈ ಮೂರೂ ತಾಲ್ಲೂಕುಗಳ ಸಮಸ್ತ ಗೋಡೆಗಳ ಭಾಗ್ಯವಿಧಾತರೇ; ಏಣಿಯ ಏಳನೆಯ ಮೆಟ್ಟಿಲಲ್ಲಿ ನಿಂತು ಲೋಕವನ್ನು ಕೆಳಗೆ ಮಾಡಿ ನೋಡುವ ಧೀರರೇ; ನಾಲ್ಕಿಂಚಿನ ಬ್ರಷ್ಷನ್ನು ರಾಜದಂಡದಂತೆ ಹಿಡಿದವರೇ; ಬಿಳಿ ಬಣ್ಣದಲ್ಲೇ ಹದಿನಾರು ಬಗೆ ಉಂಟೆಂದು ಮನೆ ಯಜಮಾನಿಯರನ್ನು ನಂಬಿಸಬಲ್ಲ ಪಂಡಿತರೇ; ನಮ್ಮ ಬಣ್ಣದ ಕೆಲಸಗಾರರ ಸಂಘದ ಅಧ್ಯಕ್ಷರಾದ, ಹುಬ್ಬಿನ ಮೇಲೆ ಸದಾ ಒಂದು ಹನಿ ಡಿಸ್ಟೆಂಪರ್ ಧರಿಸಿರುವ ನಜೀರ್ ಅಹ್ಮದ್ ಸಾಹೇಬರೇ; ಮತ್ತು — ಇಲ್ಲಿ ನನ್ನ ದನಿ ತಾನಾಗಿಯೇ ತಗ್ಗುತ್ತದೆ — ಮುಂದಿನ ಸಾಲಿನಲ್ಲಿ ಕುಳಿತಿರುವ ಚಿಕ್ಕಬೋರಮ್ಮನವರೇ. ನಿಂಗಯ್ಯ ಮೇಸ್ತ್ರಿಯವರ ಮನೆಯವರು. ನಮಗೆಲ್ಲ ಬರೀ ಅವ್ವ.

ಎಲ್ಲರಿಗೂ ನಮಸ್ಕಾರ.

ವೇದಿಕೆ ಹತ್ತುವಾಗ ನಜೀರ್ ಸಾಹೇಬರು ನನ್ನ ತೋಳು ಹಿಡಿದು ಒಂದು ಮಾತು ಹೇಳಿದರು. "ಲೋ ಯತೀಶ, ಇವತ್ತೊಂದಿನ ಮಂಗಾಟ ಬೇಡ ಕಣಪ್ಪ." ಅವರು ಹಾಗೆ ಹೇಳಿದ್ದಕ್ಕೆ ಕಾರಣಗಳಿವೆ. ಆ ಕಾರಣಗಳಲ್ಲಿ ಅರ್ಧ ಜನ ಈ ಸಭೆಯಲ್ಲೇ ಕುಳಿತಿದ್ದಾರೆ. ಅವರ ಚಪ್ಪಲಿಯೊಳಗೆ ನಾನು ಪುಟ್ಟಿ ತುಂಬಿದ ದಿನಗಳನ್ನು ಅವರು ಮರೆತಿಲ್ಲ ಎಂದು ಮುಖ ನೋಡಿದರೇ ಗೊತ್ತಾಗುತ್ತದೆ. ಇವತ್ತು ಹಾಗೇನೂ ಇಲ್ಲ. ಗಂಭೀರವಾಗಿದ್ದೇನೆ.

ಮೊದಲು ಎರಡು ವಿನಂತಿ. ವೇದಿಕೆಯ ಕಡೆಯ ಫ್ಯಾನನ್ನು ದುಃಖದ ಸಂಕೇತವಾಗಿ ನಿಲ್ಲಿಸಿದ್ದೇವೆ. ಸೆಕೆ ಇದೆ, ಗೊತ್ತು. ಮೇಸ್ತ್ರಿಯವರು ಮೂವತ್ತೆಂಟು ವರ್ಷ ಫ್ಯಾನಿಲ್ಲದ ಮನೆಗಳಲ್ಲೇ ಬೆವರಿದರು. ನಾವು ಒಂದು ಗಂಟೆ ಬೆವರಿದರೆ ಏನೂ ಆಗುವುದಿಲ್ಲ. ಎರಡನೆಯದು, ಕುರ್ಚಿಗಳನ್ನು ಗೋಡೆಯಿಂದ ಹತ್ತು ಅಡಿ ದೂರ ಹಾಕಿದ್ದೇವೆ. ಅದು ಭಾವಚಿತ್ರಕ್ಕೆ ತೋರುವ ಗೌರವ. ದಯವಿಟ್ಟು ಯಾರೂ ಮುಂದಕ್ಕೆ ಎಳೆದುಕೊಳ್ಳಬೇಡಿ.

ನನಗಿಂತ ಮೊದಲು ಮಾತಾಡಿದ ಹಿರಿಯರೆಲ್ಲ ನನ್ನ ಹಿಂದಿನ ಈ ಗೋಡೆಯನ್ನು ಹೊಗಳಿದಿರಿ. ಕನ್ನಡಿ ಹಾಗಿದೆ ಅಂದಿರಿ. ಮೇಸ್ತ್ರಿ ಕೈಯ ಗುಣ ಯತೀಶನಿಗೆ ಬಂದಿದೆ ಅಂತಲೂ ಒಬ್ಬರು ಅಂದರು. ತಲೆ ಬಗ್ಗಿಸಿ ಸ್ವೀಕರಿಸಿದ್ದೇನೆ. ಅದರ ವಿಚಾರಕ್ಕೆ ಆಮೇಲೆ ಬರುತ್ತೇನೆ.

ಬಂಧುಗಳೇ — ನಿಂಗಯ್ಯ ಮೇಸ್ತ್ರಿ ಗುತ್ತಲಿನಲ್ಲಿ ಹುಟ್ಟಿದವರು, ಗುತ್ತಲಿನಲ್ಲೇ ಹೋದವರು. ನಡುವೆ ಎಷ್ಟು ಮನೆಗೆ ಬಣ್ಣ ಹೊಡೆದರೋ ಅವರಿಗೇ ಲೆಕ್ಕ ಇರಲಿಲ್ಲ. ಆದರೆ ಅವರನ್ನು ಬಣ್ಣ ಹೊಡೆಯುವವರು ಅಂದರೆ ಸಿಟ್ಟು ಬರುತ್ತಿತ್ತು. ಬಣ್ಣ ಹೊಡೆಯುವುದು ಕೊನೆಯ ಎರಡು ದಿನದ ಕೆಲಸ, ಅದನ್ನು ಯಾರಾದರೂ ಹೊಡೆಯುತ್ತಾರೆ. ಅದಕ್ಕೆ ಮುಂಚೆ ಗೋಡೆಯನ್ನು ಕಾಯುವುದು ಕೆಲಸ — ಇದು ಅವರ ವಾದ. ಗಾರೆಯವರು ಹೊಸದಾಗಿ ಪ್ಲಾಸ್ಟರ್ ಮುಗಿಸಿ ಹೋದರೆ ಏಳು ದಿನ ನೀರು ಹೊಡೆಯಬೇಕು. ಆಮೇಲೆ ಒಣಗಲು ಬಿಡಬೇಕು. ಒಟ್ಟು ಇಪ್ಪತ್ತೆಂಟು ದಿನ. ಇಪ್ಪತ್ತೇಳನೆಯ ದಿನ ಮಂತ್ರಿಗಳೇ ಬಂದು ಕೇಳಿದರೂ ಮೇಸ್ತ್ರಿ ಪುಟ್ಟಿ ಕಲಸುತ್ತಿರಲಿಲ್ಲ.

ನಾನು ಸೇರಿದ ಹೊಸದರಲ್ಲಿ ಕೇಳಿದ್ದೆ, ನೋಡಿದರೆ ಒಣಗಿದ ಹಾಗೇ ಇದೆಯಲ್ಲ, ಸುಮ್ಮನೆ ಯಾಕೆ ಕಾಯುವುದು ಅಂತ. ಅವರು ಬೀಡಿ ಪಕ್ಕಕ್ಕಿಟ್ಟು ಹೇಳಿದರು. "ಒಸ ಗ್ವಾಡೆ ಬಾಣ್ತಿ ಇದ್ದಂಗೆ ಕಣ್ಲಾ. ನೀರೂ ಕೊಡ್ಬೇಕು, ಸುಮ್ಕೆ ಮನಗಕ್ಕೂ ಬುಡ್ಬೇಕು. ಎದ್ದು ಸೀರೆ ಉಟ್ಕೊ, ನೆಂಟ್ರು ಬತ್ತಾವ್ರೆ ಅಂತ ಅವಸ್ರ ಮಾಡ್ಬಾರ್ದು."

ಗೋಡೆ ಒಣಗಿದೆಯೋ ಇಲ್ಲವೋ ನೋಡಲು ಅವರದೊಂದು ಉಪಾಯ ಇತ್ತು. ಇಲ್ಲಿರುವವರಿಗೆಲ್ಲ ಗೊತ್ತು; ನೆಂಟರಿಷ್ಟರಿಗಾಗಿ ಹೇಳುತ್ತೇನೆ. ಯೂರಿಯಾ ಚೀಲದ ಒಳಗಿನ ಪ್ಲಾಸ್ಟಿಕ್ಕನ್ನು ತೊಳೆದು, ಇಷ್ಟಗಲ — ಒಂದು ಅಡಿ ಚೌಕ — ಕತ್ತರಿಸಿ, ಗೋಡೆಗಿಟ್ಟು, ನಾಲ್ಕೂ ಅಂಚಿಗೆ ಗಾಳಿ ಹೋಗದಂತೆ ಟೇಪು ಅಂಟಿಸುವುದು. ಮಾರನೆಯ ದಿನ ನೋಡಬೇಕು. ಒಳಗಡೆ ನೀರಿನ ಹನಿ ಕಟ್ಟಿದ್ದರೆ, "ಇನ್ನೂ ಬೆವರ್ತಾ ಅದೆ" ಅಂತ ಬ್ರಷ್ಷು ಒಳಗಿಡುವುದು. ಹನಿ ಇಲ್ಲದಿದ್ದರೆ ಎಮರಿ ಪೇಪರ್ ಹೊರಗೆ ತೆಗೆಯುವುದು. ಆಮೇಲೆ ಉಜ್ಜು, ಧೂಳು ಒರೆಸು, ಪ್ರೈಮರ್ ಹೊಡೆ, ಪುಟ್ಟಿ ಎಳೆ, ಮತ್ತೆ ಉಜ್ಜು, ಬಲ್ಬು ಗೋಡೆಗೆ ಒತ್ತಿ ಹಿಡಿದು ನೆರಳು ಬೀಳುವ ಜಾಗ ಹುಡುಕು, ಮತ್ತೆ ಉಜ್ಜು. ನನ್ನ ಬೆರಳಿನ ಗೆರೆಗಳೇ ಸವೆದುಹೋಗಿ ಆಧಾರ್ ಯಂತ್ರ ನನ್ನನ್ನು ಮನುಷ್ಯ ಅಂತ ಒಪ್ಪದ ದಿನವೂ ಉಂಟು.

ಕೊನೆಗೆ ಮೇಸ್ತ್ರಿಯ ಅಂಗೈ. ಕಣ್ಣು ಮುಚ್ಚಿಕೊಂಡು, ಹೀಗೆ — ಮೇಲಿನಿಂದ ಕೆಳಗೆ — ಎಮ್ಮೆಯ ಬೆನ್ನು ಸವರುವ ಹಾಗೆ ಸವರುತ್ತಿದ್ದರು. ಆ ಅಂಗೈಯನ್ನು ಒಂದು ಸಲ ಪರೀಕ್ಷೆ ಮಾಡಬೇಕು ಅಂತ ನನಗೆ ಚಪಲ. ಬೆಸಗರಹಳ್ಳಿಯಲ್ಲಿ ಒಂದು ಮನೆ. ಹದಿನಾಲ್ಕು ಅಡಿ ಗೋಡೆ. ಪ್ರೈಮರ್ ಹಸಿ ಇದ್ದಾಗ ಒಂದೇ ಒಂದು ರಾಗಿ ಕಾಳು ಅಂಟಿಸಿ, ಮೇಲೆ ಪುಟ್ಟಿ ಎಳೆದುಬಿಟ್ಟೆ. ನಮ್ಮ ಪ್ರಸನ್ನನ ಹತ್ತಿರ ಒಂದು ಮದ್ದೂರು ವಡೆಗೆ ಪಂದ್ಯ. ಮೇಸ್ತ್ರಿ ಬಂದರು, ಕಣ್ಣು ಮುಚ್ಚಿದರು, ಸವರಿದರು. ಒಂದು ಕಡೆ ಕೈ ನಿಂತಿತು. ಉಗುರಿನಿಂದ ಕೆರೆದು, ಕಾಳು ತೆಗೆದು, ಅಂಗೈಯಲ್ಲಿಟ್ಟು ನನಗೆ ತೋರಿಸಿದರು. "ಮುದ್ದೆಗೆ ಸಾಲಕ್ಕಿಲ್ಲ ಕಣ್ಲಾ. ಇನ್ನೊಂದು ಸೇರು ಇಕ್ಕು."

ಪ್ರಸನ್ನನಿಗೆ ವಡೆ ಕೊಡಿಸಿದೆ.

ಅಂಥ ಅಂಗೈ ಅದು. ಈಗ ನೀವೆಲ್ಲ ಮನಸ್ಸಿನಲ್ಲೇ ಇಟ್ಟುಕೊಂಡು ಮರ್ಯಾದೆಗೆ ಕೇಳದೆ ಇರುವ ಪ್ರಶ್ನೆಗೆ ಬರುತ್ತೇನೆ. ಅಂಥ ಅಂಗೈ ಇದ್ದ ಮನುಷ್ಯನಿಗೆ ಹಲಗೂರಿನಲ್ಲಿ ಏನಾಯಿತು?

ಆರು ವರ್ಷದಿಂದ ನಮ್ಮಲ್ಲಿ ಅವರಿಗೊಂದು ಅಡ್ಡಹೆಸರಿದೆ. ಗುಳ್ಳೆ ನಿಂಗಯ್ಯ. ಪೇಂಟ್ ಅಂಗಡಿಯಲ್ಲಿ ಹಾಗೆ ಕರೆದರು. ಟೀ ಅಂಗಡಿಯಲ್ಲಿ ಕರೆದರು. ರೇಷನ್ ಸಾಲಿನಲ್ಲಿ ಅವ್ವನನ್ನು ಯಾರೋ ಗುಳ್ಳೆ ನಿಂಗಯ್ಯನ ಹೆಂಡ್ತಿ ಅಂದರಂತೆ. ಅವ್ವ ಅಕ್ಕಿ ತೆಗೆದುಕೊಳ್ಳದೆ ಮನೆಗೆ ಬಂದರಂತೆ. ಮೇಸ್ತ್ರಿ ತೀರಿಕೊಂಡ ದಿನ ಅಂಗಳದಲ್ಲಿ ನಿಂತವರೊಬ್ಬರು, ಯಾವ ನಿಂಗಯ್ಯ, ಗುಳ್ಳೆ ನಿಂಗಯ್ಯನಾ ಅಂತ ಕೇಳಿದ್ದು ನನ್ನ ಕಿವಿಗೇ ಬಿತ್ತು.

ಹಲಗೂರಿನಲ್ಲಿ ರವಿಚಂದ್ರ ಅನ್ನುವವರು ಹೊಸ ಮನೆ ಕಟ್ಟಿದರು. ಗೃಹಪ್ರವೇಶಕ್ಕೆ ದಿನ ಗೊತ್ತಾಗಿತ್ತು, ಆದರೆ ನಡುಮನೆಯ ಒಂದು ಗೋಡೆಗೆ ಪ್ಲಾಸ್ಟರ್ ತಡವಾಗಿತ್ತು. ಮೇಸ್ತ್ರಿ ಪ್ಲಾಸ್ಟಿಕ್ ಅಂಟಿಸಿ, ಮದ್ದೂರಿನ ಇನ್ನೊಂದು ಮನೆಯ ಕೆಲಸಕ್ಕೆ ಹೋಗಿದ್ದರು. ಹಲಗೂರಿನಲ್ಲಿ ನಾನು. ಗುರುವಾರ ಬೆಳಗ್ಗೆ ಫೋನ್ ಮಾಡಿ, ಪ್ಲಾಸ್ಟಿಕ್ ಒಳಗೆ ಏನಿದೆ ನೋಡಿ ಹೇಳು ಅಂದರು.

ನಾನು ನೋಡಿದೆ.

ಬಂಧುಗಳೇ — ಹನಿ ಇತ್ತು. ಮಂಜು ಬಿದ್ದ ಕಬ್ಬಿನ ಗರಿಯ ಮೇಲಿರುತ್ತದಲ್ಲ, ಹಾಗೆ, ದಪ್ಪ ದಪ್ಪ ಹನಿ.

ಆದರೆ ಭಾನುವಾರ ಮಳವಳ್ಳಿಯಲ್ಲಿ ಟೆನಿಸ್ ಬಾಲ್ ಟೂರ್ನಮೆಂಟಿನ ಫೈನಲ್. ನಾನು ನಮ್ಮ ತಂಡದ ವಿಕೆಟ್ ಕೀಪರ್. ಗೋಡೆ ಒಣಗಿದೆ ಅಂದರೆ ಶನಿವಾರಕ್ಕೆ ಕೆಲಸ ಮುಗಿಯುತ್ತದೆ. ಒಣಗಿಲ್ಲ ಅಂದರೆ ಭಾನುವಾರವೂ ಅಲ್ಲೇ ಕುಳಿತು ಗೋಡೆ ಕಾಯಬೇಕು. ನಾನು ಟೇಪು ಬಿಚ್ಚಿ, ಹೆಗಲ ಮೇಲಿನ ಟವೆಲ್ಲಿನಿಂದ ಹನಿಗಳನ್ನು ಒರೆಸಿ, ಪ್ಲಾಸ್ಟಿಕ್ ಮಡಿಸಿ ಜೇಬಿಗಿಟ್ಟುಕೊಂಡು, ಒಣಗಿದೆ ಮೇಸ್ತ್ರಿ ಅಂದೆ.

ಅವರು ನಂಬಿದರು. ಹಾಗಾದರೆ ಶುರು ಮಾಡು ಅಂದರು.

ಇಲ್ಲಿ ಎಷ್ಟೋ ಜನರಿಗೆ ಇದು ಈಗಲೇ ಗೊತ್ತಾಗುತ್ತಿರುವುದು. ಅವ್ವನಿಗೂ. ಅವ್ವ ನನ್ನನ್ನು ಹೇಗೆ ನೋಡುತ್ತಿದ್ದಾರೆ ಅಂತ ನಾನು ಆ ಕಡೆ ತಿರುಗಿ ನೋಡುತ್ತಿಲ್ಲ. ನೋಡಿದರೆ ಮುಂದಕ್ಕೆ ಮಾತು ಬರುವುದಿಲ್ಲ.

ಗೃಹಪ್ರವೇಶದ ದಿನ ಮೇಸ್ತ್ರಿಯೂ ನಾನೂ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿದ್ದೆವು. ಹೋಮ ಆ ಗೋಡೆಯ ಮುಂದೆಯೇ. ಬೆಂಕಿ ಕಾವು ಏರಿತು ನೋಡಿ — ತಿಳಿನೀಲಿ ಗೋಡೆಯ ಮೇಲೆ ಮೊದಲು ಒಂದು ಗುಳ್ಳೆ ಎದ್ದಿತು. ಆಮೇಲೆ ಎರಡು. ಆಮೇಲೆ ಬಾಣಲೆಯಲ್ಲಿ ಪೂರಿ ಉಬ್ಬುವ ಹಾಗೆ, ಇಲ್ಲಿ, ಅಲ್ಲಿ, ಎಲ್ಲ ಕಡೆ. ಮಕ್ಕಳು ಬೆರಳಿನಿಂದ ಚುಚ್ಚಿ ಒಡೆಯಲು ಶುರು ಮಾಡಿದವು. ಪುರೋಹಿತರು ಮಂತ್ರ ಬಿಟ್ಟು ಗೋಡೆ ನೋಡಿದರು. ಇನ್ನೂರು ಜನ ನೆಂಟರ ಎದುರಿಗೆ ರವಿಚಂದ್ರ ಅವರು, ಇದೇನು ಮೇಸ್ತ್ರಿ, ಯಾರು ಮಾಡಿದ್ದು ಈ ಕೆಲಸ ಅಂತ ಕೇಳಿದರು.

ನಾನು ಊಟದ ಎಲೆಗಳ ಕಡೆ ನೋಡುತ್ತಿದ್ದೆ.

ಮೇಸ್ತ್ರಿ ಹೆಗಲ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ತಪ್ಪು ನಂದೇ ಸ್ವಾಮಿ. ಕೈಯಿಟ್ಟು ನೋಡ್ದೆ ಕೆಲ್ಸ ಬುಟ್ಟೆ."

ಅಷ್ಟೇ. ನನ್ನ ಹೆಸರು ಎತ್ತಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ. ಮಳವಳ್ಳಿ ದಾಟಿದ ಮೇಲೆ ಕಿಟಕಿಯ ಹೊರಗೇ ನೋಡುತ್ತಾ ಕೇಳಿದರು.

"ಗೆದ್ರೇನ್ಲಾ ಮ್ಯಾಚು?"

ಇಲ್ಲ ಅಂದೆ. ನಾಲ್ಕು ರನ್ನಿನಲ್ಲಿ ಸೋತಿದ್ದೆವು. ಕೊನೆಯ ಓವರಿನ ಕ್ಯಾಚು ಬಿಟ್ಟವನು ವಿಕೆಟ್ ಕೀಪರ್.

"ಮತ್ಯಾಕ್ಲಾ ಒರೆಸ್ದೆ?"

ನಾನು ಅತ್ತುಬಿಟ್ಟೆ. ಕಂಡಕ್ಟರ್ ತಿರುಗಿ ನೋಡಿದ. ಎಲ್ಲರಿಗೂ ಹೇಳಿಬಿಡುತ್ತೇನೆ ಮೇಸ್ತ್ರಿ, ರವಿಚಂದ್ರ ಅವರಿಗೂ ಹೇಳುತ್ತೇನೆ ಅಂದೆ. ಅವರು ತಲೆ ಆಡಿಸಿದರು. "ಬ್ಯಾಡ ಬುಡು. ನಿನ್ನೆಸ್ರು ಇನ್ನೂ ಅಸಿ ಗ್ವಾಡೆ, ಈಗ್ಲೇ ಗುಳ್ಳೆ ಎದ್ರೆ ಯಾರೂ ಕೆಲ್ಸಕ್ಕೆ ಕರೆಯಕ್ಕಿಲ್ಲ. ನಂದು ಒಣಗಿ ಗಟ್ಟಿಯಾಗದೆ. ಒಂದು ಗುಳ್ಳೆ ತಡ್ಕತದೆ."

ತಡೆದುಕೊಂಡರು. ಆರು ವರ್ಷ. ಯಾರಾದರೂ ಗುಳ್ಳೆ ನಿಂಗಯ್ಯ ಅಂದಾಗಲೆಲ್ಲ ನನ್ನ ಕಡೆ ಒಂದು ಸಲ ನೋಡಿ, ಮೀಸೆಯಡಿ ನಗುತ್ತಿದ್ದರು. ನಾನೂ ನಗುತ್ತಿದ್ದೆ. ನಿಮ್ಮ ಚಪ್ಪಲಿಗೆ ಪುಟ್ಟಿ ತುಂಬುವುದು ಸುಲಭ. ಈ ಒಂದು ಮಾತು ಹೇಳುವುದಕ್ಕೆ ನನಗೆ ಅವರು ಸಾಯುವ ತನಕ ಧೈರ್ಯ ಬರಲಿಲ್ಲ. ಆದ್ದರಿಂದ ಈ ಮೈಕಿನಲ್ಲಿ, ಸ್ಪಷ್ಟವಾಗಿ, ಮೂರೂ ತಾಲ್ಲೂಕಿಗೆ ಕೇಳುವ ಹಾಗೆ ಹೇಳುತ್ತೇನೆ. ಹಲಗೂರಿನ ಗುಳ್ಳೆ, ನಿಂಗಯ್ಯ ಮೇಸ್ತ್ರಿಯದಲ್ಲ. ನನ್ನದು. ಇನ್ನು ಮೇಲೆ ಆ ಹೆಸರನ್ನು ಯಾರಿಗಾದರೂ ಇಡಲೇಬೇಕು ಅಂತಿದ್ದರೆ ನನಗಿಡಿ. ಗುಳ್ಳೆ ಯತೀಶ. ಕೇಳಲಿಕ್ಕೂ ಚೆನ್ನಾಗಿದೆ.

ಇನ್ನು ಈ ಗೋಡೆ.

ನಮ್ಮ ಸಂಘದ ಈ ಹಾಲಿನ ಈ ಗೋಡೆಗೆ ಹೊಸ ಪ್ಲಾಸ್ಟರ್ ಮಾಡಿಸಿದ್ದು ಮೇಸ್ತ್ರಿಯವರೇ ಮುಂದೆ ನಿಂತು. ಏಳು ದಿನ ನೀರು ಹೊಡೆದರು. ಮಾರನೆಯ ಬೆಳಗ್ಗೆ ಬಂದು, ಪ್ಲಾಸ್ಟಿಕ್ ಕತ್ತರಿಸಿ, ತಮ್ಮ ಕೈಯಿಂದಲೇ ಟೇಪು ಅಂಟಿಸಿದರು. ಮನೆಗೆ ಹೋಗಿ ಊಟ ಮಾಡಿ ಮಲಗಿದವರು ಏಳಲಿಲ್ಲ. ಮೂರನೆಯ ದಿನ ಅವ್ವ ನನ್ನನ್ನು ಕರೆದು ಒಂದೇ ಮಾತು ಕೇಳಿಕೊಂಡರು. "ಅವ್ರ ಪೋಟ ತಗುಲಾಕೋ ಗ್ವಾಡೆಲಿ ಒಂದು ಗುಳ್ಳೆ ಬರಬಾರ್ದು ಕಣಪ್ಪ. ನಾನು ಮುಟ್ಟಿ ನೋಡ್ತೀನಿ." ನಜೀರ್ ಸಾಹೇಬರು ಹನ್ನೊಂದನೆಯ ದಿನದ ಸಭೆಗೆ ಗೋಡೆ ಸಿದ್ಧ ಆಗಲೇಬೇಕು, ಕಾರ್ಡು ಅಚ್ಚಿಗೆ ಕೊಟ್ಟಾಗಿದೆ ಅಂದರು. ನಾನು ಇಬ್ಬರಿಗೂ ಹ್ಞೂಂ ಅಂದೆ.

ಅಂದಮೇಲೆ ನೀವೆಲ್ಲ ಕಣ್ಣಾರೆ ನೋಡುತ್ತಿದ್ದೀರಿ. ಒಂದು ಗುಳ್ಳೆ ಇಲ್ಲ. ಒಂದು ಗೆರೆ ಇಲ್ಲ.

ಈಗ ಎಲ್ಲರೂ ಎದ್ದು ನಿಲ್ಲಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಬೀಡಿ, ಫೋನು, ಕೆಮ್ಮು — ಎಲ್ಲ ಎರಡು ನಿಮಿಷ ಬದಿಗಿಡೋಣ. ನಿಂಗಯ್ಯ ಮೇಸ್ತ್ರಿ ಒಂದು ಗೋಡೆಯ ಮುಂದೆ ಎಷ್ಟು ಸುಮ್ಮನೆ ನಿಲ್ಲುತ್ತಿದ್ದರೋ ಅಷ್ಟು ಸುಮ್ಮನೆ ನಿಲ್ಲೋಣ.

ಎದ್ದಿರಾ? ಸರಿ. ಮೌನಕ್ಕೆ ಮೊದಲು ಒಂದು ಸಣ್ಣ ಮಾತು.

ಪ್ಲಾಸ್ಟರ್ ಆಗಿ ಇವತ್ತಿಗೆ ಹತ್ತೊಂಬತ್ತು ದಿನ. ಮೇಸ್ತ್ರಿ ಅಂಟಿಸಿದ ಪ್ಲಾಸ್ಟಿಕ್ಕನ್ನು ನಿನ್ನೆ ನೋಡಿದೆ. ಒಳಗೆ ಹನಿ ಇತ್ತು. ಟವೆಲ್ಲು ಹೆಗಲ ಮೇಲೇ ಇತ್ತು. ಈ ಸಲ ಒರೆಸಲಿಲ್ಲ. ಅವ್ವ, ಇನ್ನೂ ಒಂಬತ್ತು ದಿನ ಇದೆ, ಆಮೇಲೆ ಉಜ್ಜುವ ಕೆಲಸ. ನೀವು ಮುಟ್ಟಿ ನೋಡುವುದು ಅದರ ಮೇಲೆ. ಫೋಟೊ ಮೇಜಿನ ಮೇಲಿದೆ, ಗೋಡೆಗೆ ತಗುಲಿಸಿಲ್ಲ, ಗಮನಿಸಿದ್ದೀರಿ. ಬೆಳಗ್ಗಿನಿಂದ ನೀವೆಲ್ಲ ಹೊಗಳುತ್ತಿರುವುದು ಶಾಮಿಯಾನದವನ ಬಿಳಿ ಬಟ್ಟೆ. ನೀರು ಚಿಮುಕಿಸಿ, ಮರದ ಚೌಕಟ್ಟಿಗೆ ಎಳೆದು ಕಟ್ಟಿ, ಹಿಂದಿನಿಂದ ನೂರ ಹತ್ತು ಪಿನ್ನು ಹೊಡೆದಿದ್ದೇನೆ.

ಪ್ರಸನ್ನ, ಜನ ಬೆವರುತ್ತಿದ್ದಾರೆ. ಬಟ್ಟೆ ಅಲುಗಿದರೂ ಪರವಾಗಿಲ್ಲ, ಫ್ಯಾನ್ ಹಾಕಪ್ಪ.