ಫೋನಿನಲ್ಲಿ ಅಪ್ಪನ ಹಾಡು

ಆಸ್ಪತ್ರೆಯ ಬೆಂಚಿನಲ್ಲಿ ಸರದಿ ಕಾಯುತ್ತಿದ್ದ ಟೈಲರ್ ಒಬ್ಬನ ಕಿವಿಗೆ ಪಕ್ಕದ ಅಕ್ಕತಂಗಿಯರ ಮಾತು ಬಿತ್ತು.

“ಅಪ್ಪನ ಸ್ಟೀಲ್ ಗಿಟಾರ್ ನೀನು ಕಲಿಯೋದು ಎಲ್ಲಿಗೆ ಬಂತೇ?”

“ಅವ್ರು ಹೋಟೆಲಲ್ಲಿ ನುಡಿಸ್ತಿದ್ರಲ್ಲ, ಆ ಹಳೇ ಜಾಜ್ ಹಾಡು ಅರ್ಧ ಬರತ್ತಕ್ಕ. ತಂತಿ ಮೇಲೆ ಉಕ್ಕಿನ ಕಡ್ಡಿ ಕೂದಲೆಳೆಯಷ್ಟು ಜಾರಿದ್ರೂ ಅಪಸ್ವರ.”

“ಪೂರ್ತಿ ಬರೋಕೆ?”

“ಮೇಷ್ಟ್ರು ಆರು ತಿಂಗಳು ಅಂತಾರೆ.”

“ಅಪ್ಪಂಗೆ ಡಾಕ್ಟ್ರು ಒಂದೇ ವಾರ ಅಂದ್ರು ಕಣೇ.”

“ಅದಕ್ಕೇ ಅರ್ಧಾನೇ ರೆಕಾರ್ಡ್ ಮಾಡಿ, ನಿನ್ನೆ ಅಪ್ಪನ ಹತ್ರ ಕೂತು ಫೋನಲ್ಲಿ ಕೇಳಿಸ್ದೆ. ‘ಯಾವನೋ ಇವ್ನು, ಹಾಡಿನ ಕತ್ತು ಹಿಸುಕ್ತಿರೋನು’ ಅಂದ್ರು.”

“‘ನಾನೇ ಅಪ್ಪಾ’ ಅನ್ನಬೇಕಿತ್ತು!”

“ನಾಚ್ಕೆ ಆಯ್ತು. ರೇಡಿಯೋ ಅಂದ್ಬಿಟ್ಟೆ. ಆರಿಸು ಅಂದ್ರು.”

“ಇವತ್ತು ಹೇಳ್ಬಿಡು. ಅಪ್ಪಂಗೆ ಎಷ್ಟು ಖುಷಿಯಾಗತ್ತೆ!”

“ಹೇಳ್ತೀನಿ.”

ಬಾಗಿಲು ತೆರೆದ ನರ್ಸ್, “ನಿಮ್ಮ ತಂದೆ...” ಎಂದು ತಲೆ ತಗ್ಗಿಸಿದಳು.

ಅಕ್ಕ ತಟ್ಟನೆ ಎದ್ದಳು. ತಂಗಿ ಏಳಲಿಲ್ಲ. ಅಕ್ಕನೇ ಅವಳ ರಟ್ಟೆ ಹಿಡಿದು ಎಬ್ಬಿಸಿ ಒಳಗೆ ಕರೆದೊಯ್ದಳು.